ಅಷ್ಟು ಕೊಡೆಗಳ ನಡುವೆ ಕೊಡೆ ಇಲ್ಲದ ಆ ಹುಡುಗಿ ಯಾರು?

ಗುಂಡುಸೂಜಿ ಕೇಳಿದ್ದು:

ನಮಸ್ಕಾರ. ಚಿತ್ರಕಲೆ ತಿಳಿದವರು ಇಲ್ಲಿ ಇದ್ದಾರೆ, ಕೇಳಮ್ಮ ಅಂತ ಮಗಳು ಹೇಳಿದಳು. ನನಗೆ ಚಿತ್ರಕಲೆ ಗೊತ್ತಿಲ್ಲ, ಬ್ಲೌಸ್ ಹೊಲಿಯುವುದು ಗೊತ್ತು. ಮೂವತ್ತೊಂದು ವರ್ಷದಿಂದ ಅದೇ ಕೆಲಸ. ಈಗ ಸ್ವಂತ ಅಂಗಡಿ ಇದೆ, ಜೊತೆಗೆ ಇಬ್ಬರು ಹುಡುಗಿಯರಿದ್ದಾರೆ.

ಕೆಲವು ವರ್ಷದ ಹಿಂದೆ ಲಂಡನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಒಂದು ದಿನ ಪೇಟೆಯಲ್ಲಿ ಮಳೆ ಹಿಡಿದುಕೊಂಡಿತು. ನ್ಯಾಷನಲ್ ಗ್ಯಾಲರಿಗೆ ಟಿಕೆಟ್ ಇಲ್ಲ, ಒಳಗೆ ಹೋಗೋಣ ಬಾ ಅಂದಳು. ಹೋದೆವು. ಒಳಗೂ ಮಳೆ! ಅಂದರೆ ಮಳೆಯ ಚಿತ್ರ. ಆಳೆತ್ತರ ಇತ್ತು. ಚಿತ್ರದ ತುಂಬ ನೀಲಿ ಕೊಡೆಗಳು. ರೆನ್ವಾ ಅನ್ನುವವನು ಬರೆದದ್ದಂತೆ.

ಎಡಗಡೆ ಮುಂದೆ ಒಬ್ಬ ಹುಡುಗಿ ನಮ್ಮನ್ನೇ ನೋಡುತ್ತಾ ಬರುತ್ತಿದ್ದಾಳೆ. ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದು ಕೈಯಲ್ಲಿ ಲಂಗ ಸ್ವಲ್ಪ ಎತ್ತಿ ಹಿಡಿದಿದ್ದಾಳೆ. ಎಲ್ಲರಿಗೂ ಕೊಡೆ ಇದೆ, ಅವಳಿಗಿಲ್ಲ. ತಲೆ ಮೇಲೆ ಟೋಪಿಯೂ ಇಲ್ಲ. ಹಿಂದೆ ಗಡ್ಡದವನೊಬ್ಬ ಕೊಡೆ ಹಿಡಿದು ಇವಳ ಹತ್ತಿರ ಬಂದಿದ್ದಾನೆ, ನೆರಳು ಕೊಡುವ ನೆಪ ಇರಬೇಕು.

ನನ್ನ ಪ್ರಶ್ನೆ ಎರಡು. ಒಂದು, ಈ ಹುಡುಗಿ ಯಾರು? ಬಟ್ಟೆ ನೋಡಿದರೆ ಬಡವಿ ಅನ್ನಿಸುವುದಿಲ್ಲ. ಎದೆ, ಸೊಂಟ ಎಲ್ಲ ಮೈಗೆ ಸರಿಯಾಗಿ ಕೂತಿದೆ. ಅಂಥ ಫಿಟ್ಟಿಂಗ್ ಸುಮ್ನೆ ಬರುವುದಿಲ್ಲ. ಎರಡನೇದು, ಬಲಗಡೆ ತಾಯಿ ಮಕ್ಕಳ ಬಟ್ಟೆಯಲ್ಲಿ ಲೇಸು, ಫ್ರಿಲ್ಲು, ಎಲ್ಲ ಮೆತ್ತಗೆ. ಈ ಹುಡುಗಿಯ ಬಟ್ಟೆ ಬಿಗಿ, ಸಾದಾ, ಗೆರೆ ಎಳೆದ ಹಾಗೆ. ಇವೆರಡೂ ಒಂದೇ ವರ್ಷದ ಬಟ್ಟೆ ಅಲ್ಲ ಅಂತ ನನ್ನ ಕಣ್ಣು ಹೇಳುತ್ತದೆ. ಹಾಗಂದಿದ್ದಕ್ಕೆ ಮಗಳು, "ಅಮ್ಮಾ, ಒಂದೇ ಚಿತ್ರ, ಒಂದೇ ಮಳೆ" ಅಂತ ನಕ್ಕಳು. ನಗಲಿ. ಯಾರಿಗಾದರೂ ಗೊತ್ತಿದ್ದರೆ ಹೇಳಿ.

---

ಹಳೇ ಡ್ರಾಯಿಂಗ್ ಮೇಷ್ಟ್ರು ಉತ್ತರ:

ಮೇಡಂ, ನಗುವ ಸರದಿ ಈಗ ನಿಮ್ಮದು. ಪಂಡಿತರು ವರ್ಷಗಟ್ಟಲೆ ನೋಡಿ ಕಂಡುಕೊಂಡದ್ದನ್ನು ನೀವು ನಿಂತ ನಿಲುವಿನಲ್ಲಿ ಹೇಳಿದ್ದೀರಿ.

ರೆನ್ವಾ ಈ ಚಿತ್ರ ಶುರು ಮಾಡಿದ್ದು 1881ರ ಸುಮಾರಿಗೆ. ಬಲಗಡೆಯ ಹೆಂಗಸರು, ಕೈಯಲ್ಲಿ ಬಳೆಯಂಥ ಆಟದ ಚಕ್ರ ಹಿಡಿದ ಆ ಪುಟ್ಟ ಹುಡುಗಿ, ಇವರೆಲ್ಲ ಆ ಕಾಲದವರು. ಆಮೇಲೆ ಅವನು ಇಟಲಿಗೆ ಹೋದ. ಹಳೆಯ ಚಿತ್ರಗಳನ್ನು ನೋಡಿ ಬಂದ ಮೇಲೆ ತಾನು ಚಿತ್ರ ಬರೆಯುವ ರೀತಿಯ ಮೇಲೆ ಅವನಿಗೇ ಬೇಸರ ಬಂತು. ಚಿತ್ರ ಮೂಲೆಗೆ ಬಿತ್ತು. ಮತ್ತೆ ಅದನ್ನು ಮುಗಿಸಿದ್ದು 1885-86ರ ಹೊತ್ತಿಗೆ. ಅಷ್ಟರಲ್ಲಿ ಪ್ಯಾರಿಸಿನ ಫ್ಯಾಷನ್ ಬದಲಾಗಿತ್ತು. ಫ್ರಿಲ್ಲು ಹೋಗಿ ಬಿಗಿ ಕಟ್ಟಿನ, ಸಾದಾ ಉಡುಪು ಬಂದಿತ್ತು. ಎಡಗಡೆಯ ಹುಡುಗಿ ತೊಟ್ಟಿರುವುದು ಅದು. ಬಣ್ಣವೂ ಬೇರೆ. ಮೊದಲು ಬಳಸಿದ್ದು ಕೋಬಾಲ್ಟ್ ನೀಲಿ, ಎರಡನೇ ಸಲ ಅಲ್ಟ್ರಾಮರೀನ್ ಅನ್ನುವ ಇನ್ನೊಂದು ನೀಲಿ. ಬಲಗಡೆ ಕುಂಚ ಹಗುರಾಗಿ ತೇಲುತ್ತದೆ, ಎಡಗಡೆ ಅಂಚುಗಳು ಗಟ್ಟಿ.

ಇನ್ನೊಂದು ವಿಷಯ ಕೇಳಿ. ಚಿತ್ರವನ್ನು ಎಕ್ಸ್‌ರೇ ಮಾಡಿ ನೋಡಿದ್ದಾರೆ. ಈ ಹುಡುಗಿಗೆ ರೆನ್ವಾ ಮೊದಲು ಟೋಪಿ ಇಟ್ಟಿದ್ದ. ಬಟ್ಟೆಗೆ ಸಾಲು ಸಾಲು ಫ್ರಿಲ್ಲು, ಲೇಸು ಎಲ್ಲ ಇತ್ತು. ಅಂದರೆ ಮೊದಲು ಅವಳು ಅನುಕೂಲಸ್ಥರ ಮನೆಯ ಮೇಡಂ. ಆಮೇಲೆ ಟೋಪಿ ತೆಗೆದ, ಲೇಸು ತೆಗೆದ, ಕೈಗೆ ಗ್ಲೌಸ್ ಹಾಕಲಿಲ್ಲ. ಆಗಿನ ಪ್ಯಾರಿಸಿನಲ್ಲಿ ಮರ್ಯಾದಸ್ಥ ಹೆಂಗಸು ಟೋಪಿ, ಗ್ಲೌಸ್ ಇಲ್ಲದೆ ರಸ್ತೆಗೆ ಇಳಿಯುತ್ತಿರಲಿಲ್ಲ. ಅವೆರಡನ್ನೂ ತೆಗೆದರೆ ನೋಡುವವರಿಗೆ ತಕ್ಷಣ ಗೊತ್ತು, ಇವಳು ಕೆಲಸದ ಹುಡುಗಿ ಅಂತ. ಕೈಯಲ್ಲಿರುವುದು ಟೋಪಿ ಒಯ್ಯುವ ಬುಟ್ಟಿ. ಟೋಪಿ ಅಂಗಡಿಯಿಂದ ಗಿರಾಕಿ ಮನೆಗೆ ಮಾಲು ತಲುಪಿಸಲು ಹೊರಟಿದ್ದಾಳೆ.

ಇಂಥ ಹುಡುಗಿಯರಿಗೆ ಫ್ರೆಂಚರು ಗ್ರಿಸೆಟ್ ಅನ್ನುತ್ತಿದ್ದರು. ಗ್ರಿ ಅಂದರೆ ಬೂದು ಬಣ್ಣ. ಹಿಂದೆ ಬಡ ಹೆಂಗಸರು ತೊಡುತ್ತಿದ್ದ ಅಗ್ಗದ ಬೂದು ಬಟ್ಟೆಯ ಹೆಸರು ಆಮೇಲೆ ಅದನ್ನು ತೊಟ್ಟವರಿಗೇ ಅಂಟಿಕೊಂಡಿತು. ಹೊಲಿಗೆಯವರು, ಟೋಪಿಯವರು, ಕಸೂತಿಯವರು ಎಲ್ಲ ಅದರಲ್ಲಿ ಬಂದರು. ಅಂಗಡಿಯಿಂದ ಮನೆಮನೆಗೆ ಓಡಾಡುವ ಚಿಕ್ಕ ಹುಡುಗಿಗೆ ಬೇರೆ ಹೆಸರಿತ್ತು, ತ್ರೊತ್ತಾಂ. ಕುದುರೆ ತುಸು ಓಟದಲ್ಲಿ ಹೋಗುತ್ತದಲ್ಲ, ಆ ನಡಿಗೆಯಿಂದ ಬಂದ ಹೆಸರು.

ರೆನ್ವಾನ ಅಪ್ಪ ದರ್ಜಿ, ಅಮ್ಮ ಹೊಲಿಗೆಯವಳು. ಮುಂದೆ ಅವನು ಮದುವೆಯಾದ ಅಲೀನ್ ಶರಿಗೋ ಕೂಡ ಹೊಲಿಗೆಯವಳೇ. ನಿಮಗೆ ಆ ಫಿಟ್ಟಿಂಗ್ ಕಣ್ಣಿಗೆ ಬಿದ್ದದ್ದು ಸುಮ್ನೆ ಅಲ್ಲ.

---

ಗುಂಡುಸೂಜಿ:

ಮೇಷ್ಟ್ರೇ, ಆಲ್ಟ್ರೇಷನ್ ಅನ್ನಿ! ಲೇಸು ಬಿಚ್ಚಿ, ಫ್ರಿಲ್ಲು ತೆಗೆದು, ಮತ್ತೆ ಫಿಟ್ಟಿಂಗ್ ಕೊಟ್ಟಿದ್ದಾನೆ. ನಾವು ಮಾಡಿದರೆ ಹಳೇ ಹೊಲಿಗೆಯ ತೂತು ಕಾಣುತ್ತದೆ. ಅವನದ್ದನ್ನು ಎಕ್ಸ್‌ರೇ ಬರುವ ತನಕ ಯಾರೂ ಹಿಡಿಯಲಿಲ್ಲ.

ಮಗಳಿಗೆ ಫೋನ್ ಮಾಡಿ ಓದಿ ಹೇಳಿದೆ. ಈ ಸಲ ನಗಲಿಲ್ಲ.

ಆ ಚಿತ್ರ ನನ್ನನ್ನು ಯಾಕೆ ಹಿಡಿದು ನಿಲ್ಲಿಸಿತು ಅಂತಲೂ ಹೇಳಿಬಿಡುತ್ತೇನೆ. ನಾನು ಹತ್ತೊಂಬತ್ತು ವರ್ಷದವಳಿದ್ದಾಗ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಕಾಜಾ, ಹೆಮ್ಮಿಂಗ್, ಹುಕ್ಕು, ಇಷ್ಟೇ ಕೆಲಸ. ಸಂಜೆ ಹೊಲಿದ ಬಟ್ಟೆಯನ್ನು ದೊಡ್ಡ ಮನೆಗಳಿಗೆ ಕೊಟ್ಟು ಬರುವುದೂ ನನ್ನ ಪಾಲಿಗೇ. ಒಂದು ಶ್ರಾವಣದಲ್ಲಿ ಮದುಮಗಳ ಬ್ಲೌಸ್ ಒಯ್ಯುವಾಗ ಮಳೆ ಸಿಕ್ಕಿತು. ಕವರನ್ನು ದುಪಟ್ಟಾದೊಳಗೆ ಹೊಟ್ಟೆಗೆ ಅವುಚಿಕೊಂಡು ಓಡಿದೆ. ನಾನು ತೊಪ್ಪೆಯಾದೆ. ಬ್ಲೌಸಿನ ಒಂದು ತೋಳು ಮಾತ್ರ ನೆನೆದು ಲೈನಿಂಗಿನ ಕೆಂಪು ಹೊರಗೆ ಬಿಟ್ಟಿತು. ಆ ತಿಂಗಳ ಸಂಬಳದಲ್ಲಿ ಅರ್ಧ ಹೋಯಿತು. ಆ ಮನೆಯಾಕೆ ಬಾಗಿಲಲ್ಲಿ ನಿಂತು, "ಇಷ್ಟು ಸ್ಟೈಲಾಗಿ ಡ್ರೆಸ್ ಮಾಡಿಕೊಳ್ಳುತ್ತೀಯ, ಒಂದು ಕೊಡೆ ತರೋಕೆ ಆಗಲ್ವಾ?" ಅಂದಳು. ನಾನು ತೊಟ್ಟಿದ್ದದ್ದು ಅಂಗಡಿಯ ಉಳಿಕೆ ತುಂಡುಗಳನ್ನು ಜೋಡಿಸಿ ನಾನೇ ಹೊಲಿದುಕೊಂಡ ಚೂಡಿದಾರ್.

ಅದಕ್ಕೆ ಕೇಳಿದ್ದು. ಬಟ್ಟೆ ಚೆನ್ನಾಗಿದೆ, ಕೊಡೆ ಇಲ್ಲ. ಈ ಲೆಕ್ಕ ನನಗೆ ಗೊತ್ತು.

ಇನ್ನೊಂದು ಪ್ರಶ್ನೆ: ಟೋಪಿ ಮಾಡುವುದು ಅಷ್ಟು ದೊಡ್ಡ ಕೆಲಸವಾ? ಒಂದು ಟೋಪಿಗೆ ಒಂದು ಅಂಗಡಿಯಾ?

---

ಟೊರಾಂಟೊ ಚಳಿ ಉತ್ತರ:

ಅಕ್ಕಾ, ನಿಮ್ಮ ಕಥೆ ಓದಿ ಸುಮ್ಮನಿರಲು ಆಗಲಿಲ್ಲ. ಟೋಪಿ ವಿಷಯ ಮೇಷ್ಟ್ರು ಹೇಳಲಿ. ನಾನು ಇಲ್ಲಿ ಓದುತ್ತಾ ಶನಿವಾರ ಭಾನುವಾರ ಬಟ್ಟೆ ಅಂಗಡಿಯಲ್ಲಿ ನಿಲ್ಲುತ್ತೇನೆ. ನಿಲ್ಲುತ್ತೇನೆ ಅಂದರೆ ನಿಲ್ಲುವುದೇ, ಎಂಟು ಗಂಟೆ. ಕಪ್ಪು ಬಟ್ಟೆ ಹಾಕಿಕೊಂಡು ಬರಬೇಕು, ಅದನ್ನು ನಮ್ಮ ದುಡ್ಡಿನಲ್ಲೇ ಕೊಳ್ಳಬೇಕು.

ಇಲ್ಲಿನ ಆರ್ಟ್ ಗ್ಯಾಲರಿ ಆಫ್ ಒಂಟಾರಿಯೊದಲ್ಲಿ ಒಂದು ದೊಡ್ಡ ಚಿತ್ರ ಇದೆ. ಜೇಮ್ಸ್ ತಿಸ್ಸೊ ಬರೆದದ್ದು, 1883ರಿಂದ 85ರ ಒಳಗೆ. ಹೆಸರು 'ಅಂಗಡಿ ಹುಡುಗಿ'. ಪ್ಯಾರಿಸಿನ ಹೆಂಗಸರ ಮೇಲೆ ಅವನು 15 ಚಿತ್ರಗಳ ಸರಣಿಯನ್ನೇ ಬರೆದ, ಅದರಲ್ಲಿ ಇದೂ ಒಂದು. ನಾವು ಅಂಗಡಿಯ ಒಳಗಿದ್ದೇವೆ. ಕಪ್ಪು ಉಡುಪಿನ ಹುಡುಗಿ ಬಾಗಿಲು ತೆರೆದು ಹಿಡಿದಿದ್ದಾಳೆ, ಕೈಯಲ್ಲಿ ನಮ್ಮ ಪೊಟ್ಟಣ. ಅಂದರೆ ನೋಡುತ್ತಿರುವ ನಾವೇ ಗಿರಾಕಿ, ಈಗಷ್ಟೇ ರಿಬ್ಬನ್ ಕೊಂಡು ಹೊರಟಿದ್ದೇವೆ. ಮುಖದಲ್ಲಿ ಆ ನಗು ಇದೆ ನೋಡಿ, 'ಬನ್ನಿ ಮೇಡಂ, ಮತ್ತೆ ಬನ್ನಿ' ನಗು. ಆ ನಗು ನನಗೂ ಬರುತ್ತದೆ. ಸಂಜೆ ಬಸ್ಸಿನಲ್ಲಿ ಕೂತ ಮೇಲೂ ಒಂದೊಂದು ದಿನ ಮುಖದಿಂದ ಇಳಿದಿರುವುದಿಲ್ಲ.

ಮೇಜಿನ ಮೇಲೆ ರಿಬ್ಬನ್ನುಗಳ ರಾಶಿ. ಒಂದು ನೆಲಕ್ಕೆ ಬಿದ್ದು ಹೃದಯದ ಆಕಾರದಲ್ಲಿ ಸುತ್ತಿಕೊಂಡಿದೆ. ಇನ್ನೊಬ್ಬ ಹುಡುಗಿ ಕಿಟಕಿ ಹತ್ತಿರ ಕೈ ಮೇಲೆತ್ತಿ ಏನನ್ನೋ ಜೋಡಿಸುತ್ತಿದ್ದಾಳೆ, ಗಾಜಿನ ಆಚೆ ಟೋಪಿ ಹಾಕಿದ ಗಂಡಸೊಬ್ಬ ಅವಳನ್ನೇ ನೋಡುತ್ತಿದ್ದಾನೆ. ಮಾರಾಟಕ್ಕೆ ಇಟ್ಟಿರುವುದು ರಿಬ್ಬನ್ ಮಾತ್ರವಾ ಅಂತ ಚಿತ್ರ ಕೇಳುತ್ತದೆ. ಕಲೆ ಓದಿದವರು ಹೃದಯದ ಬಗ್ಗೆ, ಆ ಗಂಡಸಿನ ಬಗ್ಗೆ ಜಾಸ್ತಿ ಮಾತಾಡುತ್ತಾರೆ. ನಾನು ನೋಡುವುದು ನೆಲದ ರಿಬ್ಬನ್ನನ್ನೇ, ಆದರೆ ಬೇರೆ ಕಾರಣಕ್ಕೆ. ಗಿರಾಕಿ ಹೋದ ತಕ್ಷಣ ಅದನ್ನು ಎತ್ತಿ ಸುತ್ತಿ ಇಡಬೇಕಾದವಳು ಅವಳೇ ಅಲ್ವಾ. ಆ ಮೇಜಿನ ರಾಶಿಯನ್ನು ಬಣ್ಣದ ಪ್ರಕಾರ ಮತ್ತೆ ಜೋಡಿಸಲು ಕಡಿಮೆ ಅಂದರೂ ಅರ್ಧ ಗಂಟೆ.

---

ಹಳೇ ಡ್ರಾಯಿಂಗ್ ಮೇಷ್ಟ್ರು:

ಟೊರಾಂಟೊದವರು ಚಿತ್ರವನ್ನು ನನಗಿಂತ ಚೆನ್ನಾಗಿ ನೋಡಿದ್ದಾರೆ. ನಾನು ಹೃದಯದ ಗುಂಪಿನವನು, ಒಪ್ಪಿಕೊಳ್ಳುತ್ತೇನೆ.

ಟೋಪಿ ಬಗ್ಗೆ. ಹೌದು ಮೇಡಂ, ಅದು ದೊಡ್ಡ ಕಸುಬು. ಟೋಪಿ ಕೆಲಸದವಳಿಗೆ ಮೊದಿಸ್ತ್ ಅಂತ ಹೆಸರು. ಹೊಲಿಗೆಯವರಲ್ಲೆಲ್ಲ ಮೊದಿಸ್ತ್‌ಗಳದ್ದೇ ಮೇಲಿನ ಮಣೆ. ಒಂದೇ ಅಳತೆಯ ಕೆಲಸ ಅಲ್ಲ ಅದು. ಹುಲ್ಲಿನ ಹೆಣಿಗೆಗೋ ತಂತಿಯ ಚೌಕಟ್ಟಿಗೋ ರೇಷ್ಮೆ, ರಿಬ್ಬನ್, ಬಟ್ಟೆಯ ಹೂವು, ಹಕ್ಕಿಯ ಗರಿ ಸೇರಿಸಿ ಗಿರಾಕಿಯ ಮುಖಕ್ಕೆ ಒಪ್ಪುವ ಹಾಗೆ ಕೂರಿಸಬೇಕು. ಗರಿಯ ಆಸೆ ಎಷ್ಟಿತ್ತು ಅಂದರೆ ಬೆಳ್ಳಕ್ಕಿಗಳನ್ನು ಕೊಂದು ಕೊಂದು ದೇಶದೇಶದಿಂದ ಯುರೋಪಿಗೆ ಕಳಿಸುತ್ತಿದ್ದರು. ನಮ್ಮ ದೇಶದಿಂದಲೂ ಹೋಗುತ್ತಿತ್ತು. ಇಲ್ಲಿನ ಬ್ರಿಟಿಷ್ ಸರ್ಕಾರ 1902ರಲ್ಲಿ ಗರಿಯ ರಫ್ತನ್ನು ನಿಷೇಧಿಸಿತು.

ಈ ಟೋಪಿ ಅಂಗಡಿಗಳ ಹುಚ್ಚು ಹತ್ತಿಸಿಕೊಂಡವನು ಎದ್ಗಾರ್ ದೆಗಾ. ನರ್ತಕಿಯರ ಚಿತ್ರಗಳಿಂದ ಹೆಸರಾದವನು. ಟೋಪಿ ಅಂಗಡಿಗಳ ಮೇಲೂ ಇಪ್ಪತ್ತಕ್ಕಿಂತ ಜಾಸ್ತಿ ಚಿತ್ರ ಮಾಡಿದ್ದಾನೆ. ನಿಮಗೆ ಎರಡನ್ನು ಹೇಳುತ್ತೇನೆ.

ಒಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ, 1882ರದ್ದು. ಗಿರಾಕಿಯೊಬ್ಬಳು ನಿಲುವುಗನ್ನಡಿ ಮುಂದೆ ಟೋಪಿ ಇಟ್ಟು ನೋಡಿಕೊಳ್ಳುತ್ತಿದ್ದಾಳೆ. ಹಾಗೆ ನಿಂತು ಕೊಟ್ಟವಳು ಮೇರಿ ಕಸಾಟ್, ಅವಳೂ ದೊಡ್ಡ ಚಿತ್ರಕಾರ್ತಿ. ಕನ್ನಡಿಯ ಆಚೆ ಅಂಗಡಿ ಹುಡುಗಿ ಕೈಗೊಂದರಂತೆ ಇನ್ನೆರಡು ಟೋಪಿ ಹಿಡಿದು ಕಾಯುತ್ತಿದ್ದಾಳೆ. ಅವಳ ಮುಖ ಕಾಣುವುದಿಲ್ಲ. ಕನ್ನಡಿ ಅಡ್ಡ ಬಂದಿದೆ. ಗಿರಾಕಿ ನೋಡುವ ಕನ್ನಡಿಯೇ ಹುಡುಗಿಯನ್ನು ಮುಚ್ಚಿಬಿಟ್ಟಿದೆ. ದೆಗಾನ ಕಿಡಿಗೇಡಿತನ ಇದು, ನನಗೆ ಬಹಳ ಇಷ್ಟ.

ಇನ್ನೊಂದು ಷಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿದೆ. 1879ರಿಂದ 86ರ ತನಕ ಕೈ ಹಚ್ಚಿ ಹಚ್ಚಿ ಬಿಟ್ಟದ್ದು. ಮುಂದೆ ಕೋಲುಗಳ ಮೇಲೆ ಟೋಪಿಗಳು ಹೂವು ಬಿಟ್ಟ ಹಾಗೆ ನಿಂತಿವೆ. ಹುಡುಗಿ ಒಂದು ಬದಿಗೆ ಸರಿದು ಕೂತು ಕೈಯಲ್ಲಿನ ಟೋಪಿಯನ್ನು ನೋಡುತ್ತಿದ್ದಾಳೆ. ತುಟಿ ಒತ್ತಿ ಹಿಡಿದಿದ್ದಾಳೆ. ಯಾಕೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಬಾಯಲ್ಲಿ ಗುಂಡುಸೂಜಿ! ನಿಮ್ಮ ಹೆಸರು ನೋಡಿದಾಗಿನಿಂದ ಈ ಚಿತ್ರ ಹೇಳಬೇಕು ಅಂತ ಕಾದಿದ್ದೆ.

ಎಕ್ಸ್‌ರೇಯಲ್ಲಿ ಇಲ್ಲೂ ಅದೇ ಕಥೆ. ಮೊದಲು ದೆಗಾ ಅವಳನ್ನು ಟೋಪಿ ಕೊಳ್ಳಲು ಬಂದ ಗಿರಾಕಿಯ ಹಾಗೆ ಬರೆದಿದ್ದ. ಆಮೇಲೆ ಕೆಲಸದವಳನ್ನಾಗಿ ಬದಲಾಯಿಸಿದ. ಒಬ್ಬ ರೆನ್ವಾ, ಒಬ್ಬ ದೆಗಾ. ಇಬ್ಬರ ಸ್ವಭಾವಕ್ಕೂ ಎಣ್ಣೆ ಸೀಗೆಕಾಯಿ. ಆದರೂ ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಇಬ್ಬರ ಚಿತ್ರದಲ್ಲೂ ಅಡಿಯಲ್ಲಿ ಮೇಡಂ, ಮೇಲೆ ಕೆಲಸದ ಹುಡುಗಿ. ಇದು ಆಗಿದ್ದೇ ಯಾಕೆ ಅಂದರೆ ದೂರದಿಂದ ಮೇಡಂ, ಕೆಲಸದ ಹುಡುಗಿ ಇಬ್ಬರೂ ಒಂದೇ ಥರ ಕಾಣುತ್ತಿದ್ದರು. ಅಂಗಡಿ ಹುಡುಗಿ ಗಿರಾಕಿಗಿಂತ ಮೊದಲು ಫ್ಯಾಷನ್ ಕಲಿಯುತ್ತಿದ್ದಳು, ತನ್ನ ಕೈಯಾರೆ ಹೊಲಿದು ತೊಡುತ್ತಿದ್ದಳು. ಟೋಪಿ ತೆಗೆದು, ಬಾಯಿಗೆ ಸೂಜಿ ಕೊಟ್ಟರೆ ಆಯಿತು, ಮಿಕ್ಕ ಚಿತ್ರ ಹಾಗೇ ಇಟ್ಟುಕೊಳ್ಳಬಹುದು.

---

ಹತ್ತಿ ಎಳೆ ಉತ್ತರ:

ಎಲ್ಲ ಚೆನ್ನಾಗಿದೆ. ಸ್ವಲ್ಪ ಕಹಿ ಹಾಕುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಗ್ರಿಸೆಟ್ ಅನ್ನುವ ಪದ ಮೇಷ್ಟ್ರು ಹೇಳಿದಷ್ಟು ಸಾದಾ ಅಲ್ಲ. 1830-40ರ ಹೊತ್ತಿಗೆ ಪ್ಯಾರಿಸಿನ ಬರಹಗಾರರು, ಗವಾರ್ನಿಯಂಥ ಪತ್ರಿಕೆ ಚಿತ್ರಕಾರರು ಸೇರಿ ಒಂದು ಗೊಂಬೆ ಮಾಡಿಟ್ಟರು. ಅಟ್ಟದ ಮೇಲೆ ಒಂದು ಕೋಣೆ, ಕಿಟಕಿಯಲ್ಲಿ ಹೂವಿನ ಕುಂಡ, ಯಾವಾಗಲೂ ನಗು, ಭಾನುವಾರ ಓದುವ ಹುಡುಗನ ಜೊತೆ ಸುತ್ತಾಟ. ಹುಡುಗ ಓದು ಮುಗಿಸಿ ವಕೀಲನಾಗಿ ಊರಿಗೆ ಹೋಗಿ ವರದಕ್ಷಿಣೆ ತರುವ ಹುಡುಗಿಯನ್ನು ಮದುವೆಯಾಗುತ್ತಾನೆ. ಗ್ರಿಸೆಟ್ ಅಳುವುದಿಲ್ಲವಂತೆ, ಹಾಡಿಕೊಂಡು ಮತ್ತೆ ಹೊಲಿಗೆಗೆ ಕೂರುತ್ತಾಳಂತೆ. ಯಾರಿಗೆ ಅನುಕೂಲದ ಕಥೆ ಇದು? ಆಮೇಲೆ ಅವಳಿಗೊಂದು ಪ್ರತಿಮೆಯನ್ನೂ ಮಾಡಿದರು. '1830ರ ಗ್ರಿಸೆಟ್' ಅಂತ, ಜಾನ್ ದೆಕೋಂ ಅನ್ನುವ ಶಿಲ್ಪಿ ಮಾಡಿದ್ದು. 1911ರಿಂದ ಪ್ಯಾರಿಸಿನ ಸಾಂ ಮಾರ್ತಾಂ ಕಾಲುವೆ ಹತ್ತಿರದ ಚೌಕದಲ್ಲಿ ನಿಂತಿದೆ. ಕೈಯಲ್ಲಿ ಹೂವು. ಸೂಜಿ ಅಲ್ಲ.

ಈ ಕಸುಬಿಗೆ ಸತ್ತ ಕಾಲ ಅಂತ ಒಂದಿತ್ತು. ಅವರ ಮಾತಲ್ಲೂ ಅದು ಹಾಗೇ, ಸತ್ತ ಕಾಲ. ಸಾಹುಕಾರರು ಊರು ಬಿಟ್ಟಾಗ ಆರ್ಡರು ಇಲ್ಲ, ಕೂಲಿ ಇಲ್ಲ. ಸೀಸನ್ ಬಂದರೆ ಮಧ್ಯರಾತ್ರಿ ಕಳೆದರೂ ದೀಪದ ಕೆಳಗೆ. ಗುಂಡುಸೂಜಿ ಅಕ್ಕನಿಗೆ ಆಷಾಢ ಮತ್ತು ಶ್ರಾವಣ ಅಂದರೆ ಸಾಕು, ಅರ್ಥವಾಗುತ್ತದೆ. ಆ ಸತ್ತ ಕಾಲದಲ್ಲಿ ಬಾಡಿಗೆ ಕಟ್ಟುವುದು ಹೇಗೆ? ಕೊಡೆ ಹಿಡಿದು ಹಿಂದೆ ಬರುವ ಗಡ್ಡದವನು, ಕಿಟಕಿಯಾಚೆ ಇಣುಕುವ ಟೋಪಿಯವನು, ಇವರೆಲ್ಲ ಚಿತ್ರದೊಳಗೆ ಬಂದದ್ದು ಆ ಬಾಗಿಲಿನಿಂದ.

ಬೇರೆ ಥರ ನೋಡಿದವರೂ ಇದ್ದರು. ಎವಾ ಗೊನ್ಜಾಲೆಸ್ ಅಂತ, ಚಿತ್ರಕಾರ ಎದುವಾರ್ ಮಾನೆಯ ಹತ್ತಿರ ಕಲಿತವಳು. 1877ರ ಸುಮಾರಿಗೆ ಅವಳೂ ಒಬ್ಬ ಮೊದಿಸ್ತ್‌ಳನ್ನು ಬರೆದಳು, ಅದೂ ಷಿಕಾಗೊದಲ್ಲೇ ಇದೆ. ಅದರಲ್ಲಿ ಹಿಂದೆ ಯಾವ ಗಂಡಸೂ ಇಲ್ಲ. ಹುಡುಗಿ, ಅವಳ ಮಾಲು, ಅಷ್ಟೇ. ಗೊನ್ಜಾಲೆಸ್ 1883ರ ಮೇನಲ್ಲಿ ಬಾಣಂತಿಯಾಗಿ ತೀರಿಕೊಂಡಳು, ಗುರು ಸತ್ತ ಒಂದು ವಾರಕ್ಕೆ. ಮೂವತ್ತನಾಲ್ಕು ವರ್ಷ.

ಹೆಸರು ಮುಂದೆ ಮಿದಿನೆಟ್ ಅಂತ ಬದಲಾಯಿತು. ಮಧ್ಯಾಹ್ನ ಒಂದಿಷ್ಟು ತಿಂದು ಓಡುವವರು ಅಂತ ಅರ್ಥ. ಆ ಮಿದಿನೆಟ್‌ಗಳೇ 1917ರ ಮೇನಲ್ಲಿ ಸೂಜಿ ಕೆಳಗಿಟ್ಟು ಪ್ಯಾರಿಸಿನ ಬೀದಿಗೆ ಇಳಿದರು. ಶನಿವಾರ ಮಧ್ಯಾಹ್ನ ರಜೆ ಬೇಕು, ಸಂಬಳವೂ ಬೇಕು ಅಂತ. ಜೂನ್‌ನಲ್ಲಿ ಕಾನೂನೇ ಆಯಿತು. ಟೋಪಿ ಹಾಕಿಕೊಂಡು ಹಾಡುತ್ತಾ ಹೋದರಂತೆ. ಆಗಲೂ ಪತ್ರಿಕೆಯವರು ಬರೆದದ್ದು ಎಷ್ಟು ಚೆಂದ ಕಾಣುತ್ತಿದ್ದರು ಅಂತಲೇ.

---

ಗುಂಡುಸೂಜಿ:

ಹತ್ತಿ ಎಳೆ ಅವರೇ, ಬೇಜಾರಿಲ್ಲ. ಆಷಾಢ ಶ್ರಾವಣ ಅಂದಿರಲ್ಲ, ಅಷ್ಟರಲ್ಲೇ ಎಲ್ಲ ಬಂತು. ಆದರೆ ಒಂದು ಮಾತು. ಅವಳ ಕಷ್ಟ ಹೇಳುವ ಭರದಲ್ಲಿ ಅವಳ ಬಟ್ಟೆಯನ್ನು ಮರೆಯಬೇಡಿ. ಆ ಫಿಟ್ಟಿಂಗ್ ಯಾರೋ ಗಂಡಸಿಗಾಗಿ ಅಂತ ನಾನು ಒಪ್ಪುವುದಿಲ್ಲ. ದಿನವಿಡೀ ಬೇರೆಯವರ ಮೈಗೆ ಚೆಂದ ಮಾಡುವವಳಿಗೆ ತನ್ನ ಮೈಗೂ ಚೆಂದ ಮಾಡಿಕೊಳ್ಳಬೇಕು ಅನ್ನಿಸುತ್ತದೆ. ನನ್ನ ಚೂಡಿದಾರಿಗೆ ಏಳು ತುಂಡು ಜೋಡಿಸಿದ್ದೆ. ಜೋಡಣೆ ಕಾಣದ ಹಾಗೆ ಪೈಪಿಂಗ್ ಕೊಟ್ಟಿದ್ದೆ. ಅದನ್ನು ಹೊಲಿಯುವಾಗ ಆದ ಖುಷಿ ಮದುಮಗಳ ಬ್ಲೌಸ್ ಹೊಲಿಯುವಾಗ ಆಗಿರಲಿಲ್ಲ.

ಮೇಷ್ಟ್ರೇ, ಷಿಕಾಗೊ ಚಿತ್ರವನ್ನು ಮಗಳು ಮೊಬೈಲಿಗೆ ಕಳಿಸಿದಳು. ಅಂಗಡಿಯ ಹುಡುಗಿಯರಿಗೂ ತೋರಿಸಿದೆ. ಚಿಕ್ಕವಳ ಬಾಯಲ್ಲಿ ಆಗ ಮೂರು ಗುಂಡುಸೂಜಿ ಇತ್ತು, ಮಾತಾಡಲು ಆಗದೆ ಕೈಸನ್ನೆ ಮಾಡಿ ದೊಡ್ಡದು ಮಾಡಿ ತೋರಿಸಿ ಅಂದಳು. ದೊಡ್ಡದು ಮಾಡಿದೆ. ತುಟಿಯನ್ನೇ ನೋಡಿದಳು. ಸೂಜಿಗಳನ್ನು ಒಂದೊಂದಾಗಿ ತೆಗೆದು ಪಿನ್ ಕುಷನ್ನಿಗೆ ಚುಚ್ಚಿ ಆಮೇಲೆ ಬಾಯಿ ಬಿಟ್ಟಳು:

"ಅಕ್ಕಾ, ಇವಳಿಗೆ ಕೆಲಸ ಗೊತ್ತು."

ದೊಡ್ಡವಳಿಗೆ ಕೊಡೆ ಚಿತ್ರ ತೋರಿಸಿದೆ. ಅವಳು ಬುಟ್ಟಿ ನೋಡಿ, ಟೋಪಿ ನೆನೆಯಲ್ವಾ ಅಂತ ಕೇಳಿದಳು. ಈ ಪ್ರಶ್ನೆಗೆ ಇಲ್ಲಿ ಯಾರ ಹತ್ತಿರ ಉತ್ತರ ಇದೆ?